ಬೇರಿಗೆ ಗಾಳಿ, ಬುಡದಲ್ಲಿ ನೀರು

ಉಷ್ಣವಲಯದ ಆರ್ಕಿಡ್‌ಗಳಲ್ಲಿ ಬಹುಪಾಲು ಮಣ್ಣಿಗೆ ಬೇರು ಇಳಿಸುವ ಗಿಡಗಳಲ್ಲ. ಮರದ ಕೊಂಬೆ, ಕವಲು, ಪಾಚಿಗಟ್ಟಿದ ಬಂಡೆ ಇವೇ ಅವುಗಳ ನೆಲೆ. ಈವರೆಗೆ ಗುರುತಿಸಿರುವ ಸುಮಾರು 28,000 ಆರ್ಕಿಡ್ ಪ್ರಭೇದಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಇಂಥ ಅಪ್ಪುಗಿಡಗಳು. ಮಲೆನಾಡಿನ ಮರಗಳ ಮೇಲೆ ಮುಂಗಾರಿನ ಹೊತ್ತಿಗೆ ಹೂಗೊಂಚಲು ಇಳಿಬಿಡುವ ಸೀತಾಳೆ ದಂಡೆಯೂ ಈ ಬಳಗದ್ದೇ. ಬಂದಳಿಕೆಯಂತೆ ಇವು ಆಸರೆ ಕೊಟ್ಟ ಮರದ ರಸ ಹೀರುವುದಿಲ್ಲ. ಮಳೆನೀರು, ಮಂಜು, ತೊಗಟೆಯ ಸಂದಿನಲ್ಲಿ ಕೊಳೆತ ಎಲೆಯ ಸಾರ ಇಷ್ಟರಲ್ಲೇ ಬಾಳುತ್ತವೆ. ಈ ಬಾಳುವೆಯ ಗುಟ್ಟೆಲ್ಲ ಬೇರಿನಲ್ಲಿದೆ. ಆರ್ಕಿಡ್ ಬೆಳೆಸುವುದೆಂದರೆ ಮೊದಲು ಬೇರನ್ನು ಸಾಕುವುದು. ಬೇರು ಚೆನ್ನಾಗಿದ್ದರೆ ಎಲೆಯೂ ಹೂವೂ ತಾವಾಗಿ ಬರುತ್ತವೆ.

ಆರ್ಕಿಡ್ ಬೇರಿನ ಮೇಲೆ ವೆಲಾಮೆನ್ ಎಂಬ ದಪ್ಪ ಹೊದಿಕೆಯಿರುತ್ತದೆ. ಬಲಿತ ಮೇಲೆ ಸತ್ತು ಟೊಳ್ಳಾದ ಜೀವಕೋಶಗಳ ಪದರ ಅದು. ಒಣಗಿದಾಗ ಆ ಕೋಶಗಳಲ್ಲಿ ಗಾಳಿ ತುಂಬಿಕೊಂಡು ಬೇರು ಬೆಳ್ಳಿಯಂತೆ ಬಿಳಿಚಿ ಕಾಣುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಕೆಲವೇ ಕ್ಷಣಗಳಲ್ಲಿ ಬಿಳುಪು ಮಾಯವಾಗಿ, ಒಳಗಿನ ಪತ್ರಹರಿತ್ತಿನ ಹಸಿರು ಹೊರಗೆ ಹೊಳೆಯುತ್ತದೆ. ಫಲನಾಪ್ಸಿಸ್‌ನಂಥ ಗಿಡಗಳ ಬೇರು ಬೆಳಕಿನಲ್ಲಿ ತಾನೂ ಒಂದಿಷ್ಟು ಆಹಾರ ತಯಾರಿಸಬಲ್ಲದು. ಇಂಥ ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಮನೆಯಲ್ಲಿ ಸಾಯುವ ಆರ್ಕಿಡ್‌ಗಳಲ್ಲಿ ಅನೇಕವು ಬುಡದಲ್ಲಿ ಗಾಳಿಯಾಡದೆ ಬೇರು ಕೊಳೆತು ಸಾಯುತ್ತವೆ.

ರೂಢಿಯಲ್ಲಿ ಆರ್ಕಿಡ್‌ಗಳನ್ನು ಪೈನ್ ತೊಗಟೆಯ ಚೂರು, ತೆಂಗಿನ ಸಿಪ್ಪೆ, ಇದ್ದಿಲುಗಳ ಮಿಶ್ರಣದಲ್ಲಿ ನೆಡುತ್ತಾರೆ. ಹೊಸದರಲ್ಲಿ ಇದು ಒಳ್ಳೆಯ ಮಾಧ್ಯಮವೇ. ಆದರೆ ತೊಗಟೆಯೂ ಸಿಪ್ಪೆಯೂ ಒಂದೆರಡು ವರ್ಷಗಳಲ್ಲಿ ಕೊಳೆತು ಪುಡಿಯಾಗುತ್ತವೆ. ಪುಡಿ ಸಂದುಗಳನ್ನು ಮುಚ್ಚಿದಾಗ ಗಾಳಿಯ ದಾರಿ ಕಟ್ಟುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ನಡುವೆ ನೀರು ನಿಂತಿರುತ್ತದೆ. ಈ ತೊಡಕಿಗೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು ಸೆಮಿ-ಹೈಡ್ರೋಪೋನಿಕ್ಸ್.

ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆ ತೆಗೆಯುವ ವಿಧಾನವನ್ನು 1930ರ ದಶಕದಲ್ಲಿ ಹೈಡ್ರೋಪೋನಿಕ್ಸ್ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. ಸೆಮಿ-ಹೈಡ್ರೋಪೋನಿಕ್ಸ್‌ನಲ್ಲಿ ಪಂಪು, ಕೊಳವೆಗಳ ಹಂಗಿಲ್ಲ. ತಳದಲ್ಲಿ ತೂತಿಲ್ಲದ ಒಂದು ಕುಂಡ. ತಳದಿಂದ ಸುಮಾರು ಒಂದು ಅಂಗುಲ ಮೇಲೆ ಪಕ್ಕದಲ್ಲಿ ಒಂದೋ ಎರಡೋ ತೂತು. ಒಳಗೆ ತುಂಬಲು ಸುಟ್ಟ ಮಣ್ಣಿನ ಗುಂಡುಗಳು. ಸಲಕರಣೆ ಇಷ್ಟೆ. ನೀರು ಹೊಯ್ದಾಗ ಹೆಚ್ಚಾದದ್ದು ತೂತಿನಿಂದ ಹರಿದುಹೋಗಿ ಬುಡದಲ್ಲಿ ಒಂದು ಅಂಗುಲದಷ್ಟು ನಿಲ್ಲುತ್ತದೆ. ಬತ್ತಿ ಹಣತೆಯ ಎಣ್ಣೆಯನ್ನು ಮೇಲೆತ್ತುವ ಹಾಗೆ ಗುಂಡುಗಳು ಈ ನೀರನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಗುಂಡುಗಳ ಮೈ ತೇವ, ನಡುವಿನ ಸಂದು ಬರಿದು. ಹೀಗೆ ಬೇರಿಗೆ ನೀರೂ ಗಾಳಿಯೂ ಒಟ್ಟಿಗೆ ಸಿಗುತ್ತವೆ. ಕುಂಡ ತೀರಾ ಎತ್ತರವಾದರೆ ಮೇಲಿನ ಗುಂಡುಗಳಿಗೆ ತೇವ ತಲುಪುವುದಿಲ್ಲ. ಆದ್ದರಿಂದ ಗಿಡ್ಡ ಕುಂಡವೇ ಲೇಸು. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಬೇರಿನ ಬಣ್ಣವೂ ನೀರಿನ ಮಟ್ಟವೂ ಹೊರಗಿನಿಂದಲೇ ಕಾಣುತ್ತವೆ. ಬಿಸಿಲು ತಾಗುವ ಕಡೆ ಒಳಗೆ ಹಸಿರು ಪಾಚಿ ಕಟ್ಟುವುದುಂಟು. ಅಂಥಲ್ಲಿ ಪಾರದರ್ಶಕ ಕುಂಡವನ್ನು ಬಣ್ಣದ ಕುಂಡವೊಂದರ ಒಳಗಿಟ್ಟರೆ ಸಾಕು.

ಮಣ್ಣಿನ ಗುಂಡುಗಳನ್ನು ಅಂಗಡಿಗಳಲ್ಲಿ ಲೇಕಾ ಅಥವಾ ಕ್ಲೇ ಬಾಲ್ಸ್ ಎಂದು ಮಾರುತ್ತಾರೆ. ತಿರುಗುವ ಗೂಡಿನಲ್ಲಿ ಜೇಡಿಮಣ್ಣನ್ನು ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಒಳಗಿನ ಅನಿಲ ಉಬ್ಬಿ, ಮೈಯೆಲ್ಲ ರಂಧ್ರವಾದ ಹಗುರ ಗುಂಡು ಸಿದ್ಧವಾಗುತ್ತದೆ. ಆರ್ಕಿಡ್‌ಗೆ 8ರಿಂದ 16 ಮಿಲಿಮೀಟರ್ ಗಾತ್ರದ್ದು ಹೊಂದುತ್ತದೆ. ಹೊಸ ಗುಂಡುಗಳಿಗೆ ಕೆಂಪು ಧೂಳು ಅಂಟಿರುತ್ತದೆ. ಅದು ಬುಡದಲ್ಲಿ ಕೆಸರಾಗಿ ಇಳಿಯದಂತೆ ನೀರು ತಿಳಿಯಾಗುವವರೆಗೆ ಗುಂಡುಗಳನ್ನು ತೊಳೆದು, ಒಂದು ರಾತ್ರಿಯಾದರೂ ನೆನೆಹಾಕಿ ಬಳಸಬೇಕು.

ತೊಗಟೆಯಿಂದ ಲೇಕಾಗೆ ಗಿಡ ಬದಲಿಸುವ ಘಟ್ಟವೇ ಈ ವಿಧಾನದಲ್ಲಿ ನಾಜೂಕಾದದ್ದು. ಒಂದು ಬಗೆಯ ಮಾಧ್ಯಮದಲ್ಲಿ ಬೆಳೆದ ಬೇರು ಅದಕ್ಕೆ ತಕ್ಕಂತೆಯೇ ರೂಪುಗೊಂಡಿರುತ್ತದೆ; ಒಣ ತೊಗಟೆಯಲ್ಲಿ ಬಲಿತ ಬೇರಿಗೆ ಸದಾ ತೇವದಲ್ಲಿರುವುದು ಒಗ್ಗುವುದಿಲ್ಲ. ಹೊಸ ಜಾಗದಲ್ಲೇ ಹುಟ್ಟಿದ ಬೇರು ಅಲ್ಲಿಗೆ ಹೊಂದಿಕೊಂಡೇ ಬೆಳೆಯುತ್ತದೆ. ಆದ್ದರಿಂದ ಬುಡದಲ್ಲಿ ಹಸಿರೋ ಕೆಂಪೋ ಬಣ್ಣದ ಹೊಸ ಬೇರಿನ ಮೊನೆಗಳು ಮೂಡುವಾಗಲೇ ಗಿಡ ಬದಲಿಸಬೇಕು. ಹೂ ಬಿಟ್ಟಿರುವಾಗ ಕೈ ಹಾಕಬಾರದು.

ಕುಂಡದಿಂದ ಹೊರತೆಗೆದ ಗಿಡದ ಬೇರುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಹಳೆಯ ತೊಗಟೆ ಬಿಡುತ್ತದೆ. ಅಂಟಿಕೊಂಡ ಚೂರುಗಳನ್ನೂ ಬಿಡಿಸಬೇಕು. ಉಳಿದದ್ದು ತೇವದಲ್ಲಿ ಕೊಳೆಯುತ್ತದೆ. ಒಂದೊಂದು ಬೇರನ್ನೂ ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಅದುಮಿದಾಗ ಗಟ್ಟಿಯಾಗಿದ್ದರೆ ಜೀವವಿದೆ ಎಂದರ್ಥ. ಅದುಮಿದೊಡನೆ ಕಂದು ನೀರು ಬಿಟ್ಟು, ಸಿಪ್ಪೆ ಜಾರಿ, ಒಳಗಿನ ನಾರು ಮಾತ್ರ ಉಳಿದರೆ ಆ ಬೇರು ಸತ್ತಿದೆ. ಅದನ್ನು ಸ್ಪಿರಿಟ್‌ನಿಂದ ಒರೆಸಿದ ಕತ್ತರಿಯಿಂದ ತೆಗೆಯಬೇಕು. ಬಳಿಕ ಅರ್ಧ ಕುಂಡದವರೆಗೆ ಗುಂಡು ತುಂಬಿ, ಗಿಡವನ್ನು ನಿಲ್ಲಿಸಿ, ಬೇರುಗಳ ನಡುವೆ ಗುಂಡು ಇಳಿಬಿಟ್ಟು, ಅವು ಕೂರುವಂತೆ ಕುಂಡವನ್ನು ತಟ್ಟಬೇಕು. ಗಿಡದ ಬುಡ ಮೇಲ್ಪದರಕ್ಕೆ ಸಮನಾಗಿರಬೇಕು, ಹೂತುಹೋಗಬಾರದು. ಗಿಡ ಅಲುಗಾಡಿದರೆ ಹೊಸ ಮೊನೆ ಉಜ್ಜಿ ಸಾಯುತ್ತದೆ. ಕಡ್ಡಿಯೊಂದನ್ನು ಆಸರೆ ಕೊಟ್ಟು ಕಟ್ಟುವುದು ಒಳ್ಳೆಯದು. ಆಮೇಲೆ ಕೆಲವು ವಾರ ಹಳೆಯ ಬೇರುಗಳು ಕೆಡುತ್ತ, ಎಲೆಗಳು ತುಸು ಸುಕ್ಕುಗಟ್ಟುವುದು ಸಹಜ. ನೆರಳಿನಲ್ಲಿಟ್ಟು, ಸುತ್ತಲಿನ ಗಾಳಿಯ ತೇವ ಕಾಯ್ದರೆ ಹೊಸ ಬೇರು ಇಳಿದು ಗಿಡ ಚೇತರಿಸಿಕೊಳ್ಳುತ್ತದೆ.

ಲೇಕಾದಲ್ಲಿ ಪೋಷಕಾಂಶ ಏನೂ ಇಲ್ಲ. ಕೊಡುವ ನೀರಿನೊಂದಿಗೇ ಗೊಬ್ಬರವೂ ಹೋಗಬೇಕು, ಅದೂ ತೀರಾ ತೆಳುವಾಗಿ. ಸಾರಜನಕ ಶೇ. 20ರಷ್ಟಿರುವ, ನೀರಿನಲ್ಲಿ ಕರಗುವ ಗೊಬ್ಬರವಾದರೆ ಲೀಟರ್ ನೀರಿಗೆ ಅರ್ಧ ಗ್ರಾಂ ಮೀರಬಾರದು. ದ್ರಾವಣದ ಪಿ.ಎಚ್. 5.5ರಿಂದ 6.5ರ ನಡುವೆ ಇದ್ದರೆ ಬೇರು ಪೋಷಕಾಂಶಗಳನ್ನು ಸಲೀಸಾಗಿ ಹೀರುತ್ತದೆ. ನೀರು ಹೊಯ್ಯುವುದು ಯಾವಾಗಲೂ ಮೇಲಿನಿಂದ, ಕುಂಡ ತುಂಬಿ ತೂತಿನಿಂದ ಧಾರಾಳವಾಗಿ ಹರಿಯುವವರೆಗೆ. ಹೀಗೆ ಹೊಯ್ದಾಗ ಹಳೆಯ ನೀರಿನೊಂದಿಗೆ ಕೂಡಿಕೊಂಡಿದ್ದ ಲವಣವೂ ಹೊರಗೆ ಹೋಗಿ, ಹೊಸ ಗಾಳಿ ಒಳಕ್ಕೆ ಸೇರುತ್ತದೆ. ಗುಂಡುಗಳ ಮೇಲೆ ಬಿಳಿ ಪುಡಿ ಕಂಡರೆ ಲವಣ ಹೆಚ್ಚಿದೆ ಎಂದು ತಿಳಿದು ಬರಿ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು ಬಳಸುವವರಿಗೆ ಈ ತೊಂದರೆ ಬೇಗ ಎದುರಾಗುತ್ತದೆ. ಮಳೆನೀರು ಎಲ್ಲಕ್ಕಿಂತ ಉತ್ತಮ. ಮಳೆನೀರಿನಲ್ಲೂ ಆರ್.ಒ. ನೀರಿನಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಅವೆರಡನ್ನೂ ಗೊಬ್ಬರದಲ್ಲಿ ಒದಗಿಸಬೇಕು. ಕುಂಡದಿಂದ ಹರಿದ ನೀರು ತಟ್ಟೆಯಲ್ಲಿ ನಿಂತರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಅದನ್ನು ಆಗಾಗ ಚೆಲ್ಲಬೇಕು.

ಗುಂಡುಗಳ ಮೈಯಿಂದ ನೀರು ಆವಿಯಾಗುವಾಗ ಕುಂಡ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಇದು ವರ, ಚಳಿಯಲ್ಲಿ ತೊಡಕು. ರಾತ್ರಿಯ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವ ತಿಂಗಳುಗಳಲ್ಲಿ ಗಿಡವನ್ನು ಒಳಗಿಡುವುದು, ನೀರನ್ನು ಬೆಳಗಿನಲ್ಲಿ ಕೊಡುವುದು ಕ್ಷೇಮ. ಬೆಳಕಿಗೆ ಪೂರ್ವದ ಕಿಟಕಿ ಒಳ್ಳೆಯದು. ನಡುಹಗಲಿನ ನೇರ ಬಿಸಿಲು ಎಲೆಯನ್ನು ಸುಡುತ್ತದೆ. ಫಲನಾಪ್ಸಿಸ್ ಹೂದಂಟು ಹೊರಡಿಸಲು ಕೆಲವು ವಾರ 25 ಡಿಗ್ರಿಗಿಂತ ತಂಪಾದ ಹವೆ ಬೇಕು.

ಬೇರು ಸದಾ ತೇವವಾಗಿರುವುದನ್ನು ಬಯಸುವ ಫಲನಾಪ್ಸಿಸ್, ಪ್ಯಾಫಿಯೋಪೆಡಿಲಂ, ಫ್ರಾಗ್ಮಿಪೀಡಿಯಂ, ಆನ್ಸಿಡಿಯಂಗಳಿಗೆ ಈ ವಿಧಾನ ಹೇಳಿಮಾಡಿಸಿದ್ದು. ಕ್ಯಾಟ್ಲಿಯಾ ಒಗ್ಗುತ್ತದೆ, ಆದರೆ ಬದಲಿಸುವ ಸಮಯ ತಪ್ಪಬಾರದು. ಚಳಿಗಾಲದಲ್ಲಿ ಒಣಗಿ ವಿಶ್ರಮಿಸುವ ನೋಬಿಲೆ ಬಗೆಯ ಡೆಂಡ್ರೋಬಿಯಂಗೆ ಸದಾ ನೀರಿರುವ ಕುಂಡ ಹೊಂದುವುದಿಲ್ಲ. ವಾಂಡಾದ ಬೇರುಗಳಿಗೆ ಬುಟ್ಟಿಯಲ್ಲಿ ಬಯಲಾಗಿ ತೂಗುವುದೇ ಹಿತ. ಗಿಡ ಯಾವುದೇ ಇರಲಿ, ನರ್ಸರಿಯದೇ ಆಗಿರಬೇಕು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ನೆರವಿಲ್ಲದೆ ಆರ್ಕಿಡ್ ಬೀಜ ಮೊಳೆಸುವ ದಾರಿ ತೋರಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಸಿಂಬಿಡಿಯಂ ಗಿಡದ ಅಂಗಾಂಶದಿಂದ ಸಸಿ ಮಾಡುವ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಕಾಡಿನ ಗಿಡ ಕೀಳಲು ಯಾವ ನೆಪವೂ ಉಳಿದಿಲ್ಲ. ಮರದಿಂದ ಕಿತ್ತ ಆರ್ಕಿಡ್ ಮನೆಯಲ್ಲಿ ಬದುಕುವುದು ಅಪರೂಪ, ಕಾಡಿಗಂತೂ ಅದು ನಷ್ಟವೇ.

ಲೇಕಾ ಕೊಳೆಯುವುದಿಲ್ಲವಾದ್ದರಿಂದ ಮಾಧ್ಯಮ ಹಳತಾಯಿತೆಂದು ಕುಂಡ ಬದಲಿಸಬೇಕಿಲ್ಲ. ಗಿಡ ಬೆಳೆದು ಜಾಗ ಸಾಲದೆ ಬಂದಾಗ ಮಾತ್ರ ದೊಡ್ಡ ಕುಂಡಕ್ಕೆ ಸಾಗಿಸಿದರಾಯಿತು. ಹಳೆಯ ಗುಂಡುಗಳನ್ನು ಬೇರುಗಳಿಂದ ಬಿಡಿಸಿ, ಕುದಿಸಿ, ತೊಳೆದು ಮತ್ತೆ ಬಳಸಬಹುದು.