ತೊರಕೆ ಮೀನನ್ನು ಮುಟ್ಟುವ ಮುನ್ನ

ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ದೊಡ್ಡ ವಿಹಾರ ನೌಕೆಗಳು ದಡ ಮುಟ್ಟುವುದಿಲ್ಲ. ಜಾರ್ಜ್ ಟೌನ್ ಎದುರು ಲಂಗರು ಹಾಕುತ್ತವೆ. ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ದಡ ಸೇರುತ್ತಾರೆ. ಅನೇಕರ ಗುರಿ ನಾರ್ತ್ ಸೌಂಡ್ ಕೊಲ್ಲಿಯ ‘ಸ್ಟಿಂಗ್‌ರೇ ಸಿಟಿ’.

ಹಿಂದೆ ಬೆಸ್ತರು ಇಲ್ಲಿನ ಶಾಂತ ನೀರಿನಲ್ಲಿ ಮೀನು ಹಸನು ಮಾಡಿ ಕಸ ಎಸೆಯುತ್ತಿದ್ದರು. ಅದನ್ನು ತಿನ್ನಲು ತೊರಕೆ ಮೀನುಗಳು ನೆರೆದವು. 1980ರ ದಶಕದಲ್ಲಿ ಮುಳುಗುಗಾರರು ಕೈತುತ್ತು ನೀಡತೊಡಗಿದರು. ರಾತ್ರಿ ಒಂಟಿಯಾಗಿ ಆಹಾರ ಹುಡುಕುವ ಈ ಜೀವಿ ಈಗ ಹಗಲಲ್ಲಿ ಗುಂಪಾಗಿ ಬೋಟಿನ ದಾರಿ ಕಾಯುತ್ತದೆ!

ಈಜು ಬಾರದ ಮಕ್ಕಳಿದ್ದರೆ ಮರಳ ದಿಬ್ಬದ ಪ್ರವಾಸವೇ ಸಾಕು. ಅಲ್ಲಿ ನೀರು ದೊಡ್ಡವರ ಸೊಂಟದ ಮಟ್ಟ. ಹವಳದ ತೋಟದಲ್ಲಿ ಸ್ನಾರ್ಕೆಲ್ ಮಾಡಲು ಈಜು ಬರಬೇಕು. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತವಾಗಿ ಗೊತ್ತುಮಾಡಿದ ಬೋಟಿಗೆ ಆ ಭರವಸೆಯಿಲ್ಲ.

ತೊರಕೆಯ ಬಾಲದಲ್ಲಿ ವಿಷದ ಮುಳ್ಳಿದೆ. ಹೆಜ್ಜೆ ಎತ್ತಿಡದೆ ಮರಳಲ್ಲಿ ಕಾಲೆಳೆದು ನಡೆದರೆ ಅದು ತಾನೇ ಸರಿಯುತ್ತದೆ. ನೀರಿನಿಂದ ಮೇಲೆತ್ತುವುದನ್ನು ಅಲ್ಲಿನ ಕಾನೂನು ನಿಷೇಧಿಸಿದೆ. ಫೋಟೋಗಾಗಿ ಮೀನು ಎತ್ತಿಕೊಡುವ ಬೋಟಿಗಿಂತ, ಮಕ್ಕಳಿಗೆ ಮೊದಲು ನಡೆಯಲು ಕಲಿಸುವ ಬೋಟನ್ನು ಆರಿಸುವುದೇ ಜಾಣತನ.