ಅಳಿವೆಯ ತನಕ ಹಾಯಿಯಲ್ಲಿ

ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ತಂಗಿಯ ಮೊಮ್ಮಗಳು ಕೇಳಿದಳು: "ಅಜ್ಜ, ಮಂಗಳೂರಿಗೆ ಎರಡು ನದಿ ಉಂಟಂತೆ. ಎಲ್ಲಿವೆ?" ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಎಲ್ಲ ಅವಳು ನೋಡಿಯಾಗಿದೆ. ನೇತ್ರಾವತಿಯನ್ನು ರೈಲಿನ ಕಿಟಕಿಯಿಂದ ಒಂದು ನಿಮಿಷ ಕಂಡದ್ದೂ ಉಂಟು. ಗುರುಪುರ ನದಿಯ ಗುರುತು ಮಾತ್ರ ಅವಳಿಗಿಲ್ಲ. ತಣ್ಣೀರುಬಾವಿಯ ಕಡಲಿಗೆ ಹೋಗುವಾಗ ಕೂಳೂರಿನಲ್ಲಿ ಅದನ್ನು ದಾಟಿಯೇ ಹೋಗಿದ್ದಾಳೆ, ಕಾರಿನ ಗಾಜು ಏರಿಸಿತ್ತು. ಮಗುವಿನ ತಪ್ಪಲ್ಲ ಇದು. ಊರೇ ನದಿಗೆ ಬೆನ್ನು ಹಾಕಿ ಕುಳಿತ ಮೇಲೆ ಬಂದವರಿಗೆ ನದಿ ಕಾಣುವುದು ಹೇಗೆ?

ನಾವು ಸಣ್ಣವರಿದ್ದಾಗ ಮನೆಗೆ ನೆಂಟರು ಬಂದರೆ ಊರು ತೋರಿಸುವುದೆಂದರೆ ನದಿ ತೋರಿಸುವುದು. ಕದ್ರಿ, ಮಂಗಳಾದೇವಿ ಬೆಳಿಗ್ಗೆಯೇ ಮುಗಿಯುತ್ತಿತ್ತು. ಊಟವಾಗಿ, ಗಂಡಸರು ಒಂದು ಗಳಿಗೆ ಅಡ್ಡಾಗಿ ಎದ್ದ ಮೇಲೆ ಎಲ್ಲರೂ ಬಂದರಿನ ಧಕ್ಕೆಗೆ ನಡೆಯುವುದು. ಅಲ್ಲಿ ತಂಡೇಲ ಕಾಕನ ಹಾಯಿದೋಣಿ. ಅಲ್ಲಿಂದ ಅಳಿವೆಯ ತನಕ, ಗುರುಪುರ ನದಿಯೂ ನೇತ್ರಾವತಿಯೂ ಒಂದಾಗಿ ಕಡಲಿಗೆ ಬೀಳುವಲ್ಲಿಯ ತನಕ ಹೋಗಿ, ತಿರುಗಿ ಬರುವಾಗ ಬೊಕ್ಕಪಟ್ಣ ದಾಟಿ ಸುಲ್ತಾನ್ ಬತ್ತೇರಿ ನೋಡಿಕೊಂಡು ಇಳಿಯುವುದು. ಟಿಕೇಟಿಲ್ಲ, ಬೋರ್ಡಿಲ್ಲ, ಹೊತ್ತಿನ ಲೆಕ್ಕವೂ ಇಲ್ಲ.

ಈ ದೋಣಿ ಜನರಿಗೆ ಊರು ತೋರಿಸಲಿಕ್ಕೆಂದು ಹುಟ್ಟಿದ್ದಲ್ಲ. ಹಳೆ ಬಂದರಿಗೆ ದೊಡ್ಡ ಹಡಗು ಬರುವಂತಿರಲಿಲ್ಲ, ಅಳಿವೆಯ ಮರಳು ಬಿಡುತ್ತಿರಲಿಲ್ಲ. ಆಗಬೋಟುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕಿ ನಿಂತರೆ, ಹೆಂಚು, ಕಾಫಿ, ಗೇರುಬೀಜ, ಮರ ಎಲ್ಲವೂ ದೋಣಿಯಲ್ಲೇ ಹೋಗಬೇಕು, ದೋಣಿಯಲ್ಲೇ ಬರಬೇಕು. ನೇತ್ರಾವತಿಯ ದಡದ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಎರಡೂ ನದಿಗಳ ದಡದಲ್ಲಿ ಚಿಮಣಿಗಳು ಎದ್ದವು. ಆವೆಮಣ್ಣು ದೋಣಿಯಲ್ಲಿ ಬಂತು, ಸೌದೆ ದೋಣಿಯಲ್ಲಿ ಬಂತು, ಸುಟ್ಟ ಹೆಂಚು ದೋಣಿಯಲ್ಲೇ ಹೊರಟಿತು. ಕಾಕ ಹುಡುಗನಾಗಿದ್ದಾಗಿನಿಂದ ಹೊತ್ತದ್ದು ಆ ಹೆಂಚನ್ನು. ಕಡೆಗೆ ಪಣಂಬೂರಿನಲ್ಲಿ ಹೊಸ ಬಂದರಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಬಂದು ಉದ್ಘಾಟಿಸಿದರು. ಹಡಗುಗಳು ಅಲ್ಲಿ ದಡಕ್ಕೇ ಬಂದು ತಾಗಿದವು. ಉಳಿದ ಹೆಂಚನ್ನು ಲಾರಿ ಹೊತ್ತಿತು. ಹೊರಲಿಕ್ಕೆ ಏನೂ ಇಲ್ಲದೆ ಹೋದಾಗ ಕಾಕ ನಮ್ಮನ್ನು ಹೊತ್ತರು. ನಾವು ಕುಣಿಯುತ್ತ ಹತ್ತಿದ ದೋಣಿ ಕೆಲಸ ಕಳೆದುಕೊಂಡ ದೋಣಿ ಎಂಬುದನ್ನು ಆಗ ನಮಗೆ ಯಾರೂ ಹೇಳಲಿಲ್ಲ. ಅಪ್ಪನಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಆದರೂ ಚೌಕಾಶಿ ಬಿಡುತ್ತಿರಲಿಲ್ಲ.

ಆ ಚೌಕಾಶಿ ನನಗೆ ಅಕ್ಷರ ಅಕ್ಷರ ನೆನಪಿದೆ. ಅಪ್ಪ ಶಾಲೆ ಮಾಸ್ಟ್ರು.

"ಹನ್ನೆರಡು ರೂಪಾಯಿ ಆಗ್ತದೆ ಮಾಸ್ಟ್ರೆ."

"ಒಳ್ಳೆ ಗಾಳಿ ಉಂಟಲ್ಲ ತಂಡೇಲ್ರೇ, ನೀವು ಹುಟ್ಟು ಹಾಕ್ಲಿಕ್ಕೇ ಇಲ್ಲ. ಎಂಟು ಮಾಡಿ."

"ಗಾಳಿ ಇಲ್ಲದ ದಿನ ಬನ್ನಿ, ಎಂಟಕ್ಕೇ ಕರ್ಕೊಂಡು ಹೋಗ್ತೇನೆ. ಹುಟ್ಟು ಹಾಕ್ಲಿಕ್ಕೆ ಯಾರಿಗೂ ಬರ್ತದೆ."

ಅಪ್ಪ ಹನ್ನೆರಡನ್ನೇ ಕೊಡುತ್ತಿದ್ದರು. ಕಾಕ ಒಂದು ಪೈಸೆ ಇಳಿಸಿದವರಲ್ಲ, ದಾರಿಯನ್ನು ಮಾತ್ರ ಉದ್ದ ಮಾಡುತ್ತಿದ್ದರು. ಆ ಕಡೆ ಉಳ್ಳಾಲದ ಕೋಟೆಪುರದ ತುದಿಯ ಹತ್ತಿರ ಒಂದು ಸುತ್ತು, ಬೆಂಗ್ರೆಯ ಬದಿಯಲ್ಲಿ ಒಂದು ನಿಲುಗಡೆ. ಅಷ್ಟರಲ್ಲಿ ಅಪ್ಪನಿಗೂ ತಾನು ಗೆದ್ದ ಸಮಾಧಾನ.

ದೋಣಿಗೆ ಇಳಿಯುವ ಮೊದಲೇ ಅದರ ವಾಸನೆ ಬರುತ್ತಿತ್ತು. ಬೂತಾಯಿ ಎಣ್ಣೆಯೂ ಗೇರುಬೀಜದ ಸಿಪ್ಪೆಯ ಎಣ್ಣೆಯೂ ಸೇರಿದ ವಾಸನೆ. ಮರಕ್ಕೆ ಹುಳ ಹಿಡಿಯದಂತೆ, ನೀರು ಕುಡಿಯದಂತೆ, ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ಮಡಲಿನ ಮಾಡಿನಡಿ ಇಟ್ಟು ಆ ಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜುತ್ತಿದ್ದರು. ಬಿಸಿಲಿಗೆ ಅದು ಬೆವರುತ್ತಿತ್ತು. ನಮ್ಮ ಚಡ್ಡಿಗೆ, ಅಮ್ಮನ ಸೀರೆಯ ಸೆರಗಿಗೆ ಮೆತ್ತಿಕೊಂಡರೆ ಎರಡು ಸಲ ಒಗೆದರೂ ಬಿಡುವುದಲ್ಲ. ಬೆಂಗಳೂರಿನ ಅತ್ತೆ ಮೂಗಿಗೆ ಕರವಸ್ತ್ರ ಹಿಡಿದು ಕೂರುತ್ತಿದ್ದರು. ನನಗೆ ಆ ವಾಸನೆ ಬಂದರೆ ರಜೆ ಸುರುವಾಯಿತು ಎಂದು ಅರ್ಥ. ಫೈಬರಿನ ದೋಣಿಗಳಿಗೆ ಡೀಸೆಲ್ಲಿನ ವಾಸನೆ ಬಿಟ್ಟು ಬೇರೆ ವಾಸನೆ ಇಲ್ಲ.

ಕಾಕ ಕಸ್ಬಾ ಬೆಂಗ್ರೆಯ ಬ್ಯಾರಿ. ಒಣಗಿ ಗಟ್ಟಿಯಾದ ಸಪೂರ ದೇಹ, ಮಡಚಿ ಕಟ್ಟಿದ ಲುಂಗಿ, ತಲೆಗೆ ಬೈರಾಸು. ನಮ್ಮೊಡನೆ ತುಳು, ಮನೆಯಲ್ಲಿ ಬ್ಯಾರಿ, ಲಕ್ಷದ್ವೀಪದ ಓಡಗಳವರೊಡನೆ ಮಲಯಾಳ, ಅತ್ತೆಯೊಡನೆ ಕನ್ನಡ. ಚುಕ್ಕಾಣಿಯ ಹತ್ತಿರ ಕುಳಿತ ಮೇಲೆ ಅವರು ಆಡುವ ಮಾತು ಕಡಿಮೆ. ಓರೆಯಾಗಿ ಕಟ್ಟಿದ ಉದ್ದದ ಬಿದಿರಿನಿಂದ ತ್ರಿಕೋನದ ಹಾಯಿ ಬಿಚ್ಚಿಕೊಂಡು ಒಮ್ಮೆ ಪಟಪಟ ಹೊಡೆದುಕೊಂಡು, ಗಾಳಿ ತುಂಬಿದ್ದೇ ಸುಮ್ಮನಾಗುತ್ತಿತ್ತು. ಕೂವೆಮರ ಕಿರ್ರೆನ್ನುತ್ತಿತ್ತು. ಹಾಯಿಯ ಹಗ್ಗವನ್ನು ಕಾಕ ಎಂದೂ ಕಟ್ಟಿದವರಲ್ಲ. ಕಾಲಿನ ಹೆಬ್ಬೆರಳಿಗೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದಿರುತ್ತಿದ್ದರು. ಹೊಡೆತದ ಗಾಳಿ ಬಂದ ಕ್ಷಣ ಬೆರಳು ಸಡಿಲಿಸಬೇಕು, ಹಾಯಿ ಗಾಳಿಯನ್ನು ಚೆಲ್ಲಿಬಿಡಬೇಕು. "ಕಟ್ಟಿ ಕೂತವ ಮುಳುಗ್ತಾನೆ" ಎಂದು ನನಗೆ ಒಂದೇ ಸಲ ಹೇಳಿದ್ದು. ಆ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಹಗ್ಗದ ಗೆರೆ ಮೂಡಿ, ಉಗುರೇ ಇಲ್ಲದೆ ಹೋಗಿತ್ತು. ಹಾಯಿಯ ಕಡೆ ಕಾಕ ನೋಡುತ್ತಿರಲಿಲ್ಲ. ಮುಂದಿನ ನೀರನ್ನು ನೋಡುತ್ತಿದ್ದರು. ನೀರಿನ ಮೇಲೆ ಎಲ್ಲಿ ಕಪ್ಪಗೆ ತರಿತರಿ ಎದ್ದಿದೆಯೋ ಅಲ್ಲಿ ಗಾಳಿ ಬರುತ್ತಿದೆ ಎಂದು ಲೆಕ್ಕ.

ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಏಳುತ್ತದೆ. ಪಡುಗಾಳಿ ಸ್ವಲ್ಪ ಬಡಗಿಗೆ ವಾಲಿರುತ್ತದೆ. ಗುರುಪುರ ನದಿ ಕೂಳೂರು ದಾಟಿದ ಮೇಲೆ ಕಡಲಿಗೆ ನೇರ ಬೀಳದೆ, ತಣ್ಣೀರುಬಾವಿ ಬೆಂಗ್ರೆಗಳ ಮರಳಿನ ಪಟ್ಟಿಯ ಹಿಂದೆ ತೆಂಕಿಗೆ ಹರಿಯುವುದರಿಂದ, ಅಳಿವೆಗೆ ಇಳಿಯುವಾಗ ಗಾಳಿ ಬೆನ್ನಿಗಿರುತ್ತಿತ್ತು. ಹಿಂದೆ ಬರುವುದೇ ಕಷ್ಟ. ಅದಕ್ಕೆ ಕಾಕ ನೀರನ್ನು ಕಾಯುತ್ತಿದ್ದರು. ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಇಲ್ಲಿ ಸುಮಾರು ಒಂದೂವರೆ ಮೀಟರ್ ನೀರು ಏರಿ ಇಳಿಯುತ್ತದೆ. ಇಳಿತದಲ್ಲಿ ಹೊರಟು, ಅಳಿವೆಯಲ್ಲಿ ಇಳಿತ ನಿಲ್ಲುವ ತನಕ ಇದ್ದು, ಉಬ್ಬರದ ಮೇಲೆ ಹತ್ತಿ ಬರುವುದು. ಹಾಗಾಗಿ "ಎಷ್ಟು ಗಂಟೆಗೆ ಬರಬೇಕು" ಎಂದು ಕೇಳಿದರೆ ದಿನಕ್ಕೊಂದು ಉತ್ತರ. ಅಪ್ಪನ ಪಂಚಾಂಗದಲ್ಲಿ ತಿಥಿಯ ಪಕ್ಕ ಪೆನ್ಸಿಲಿನಲ್ಲಿ ದೋಣಿಯ ಹೊತ್ತು ಬರೆದಿರುತ್ತಿತ್ತು.

ಅಳಿವೆಯಲ್ಲಿ ಇಳಿತ ನಿಂತ ಆ ಹೊತ್ತಿನಲ್ಲಿ ಕಾಕನ ಬಾಯಿ ಬಿಚ್ಚುತ್ತಿತ್ತು. ಮರಳದಿಬ್ಬದ ಹತ್ತಿರ ಸೊಂಟಮಟ್ಟ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರು, ಮೀನಿಗೆ ಎರಗುವ ಗರುಡ, ದೇವರ ದಯೆ ಇದ್ದರೆ ಡಾಲ್ಫಿನ್ನಿನ ಬೆನ್ನು. ನೇತ್ರಾವತಿಯ ಕೆಂಪು ನೀರು ಎಲ್ಲಿಯ ತನಕ ಬಂದಿದೆ ಎಂಬ ಗೆರೆ ಮಳೆ ಮುಗಿದ ಹೊಸತರಲ್ಲಿ ಎದ್ದು ಕಾಣುತ್ತಿತ್ತು. ಕಾಕ ಊರಿನ ಕಡೆ ತಿರುಗಿ ಕೈ ತೋರಿಸುತ್ತಿದ್ದರು: "ಆ ಚಿಮಣಿ, ಅದರ ಮುಂದಿನ ತೆಂಗು. ಎರಡೂ ಒಂದರ ಹಿಂದೆ ಒಂದು ಬಂದರೆ ದೋಣಿಯ ಅಡಿಗೆ ನೀರುಂಟು. ಚಿಮಣಿ ಎಡಕ್ಕೆ ಹೋಯ್ತಾ, ಮರಳು." ಪ್ರತಿ ಮಳೆಗಾಲ ಕಳೆದ ಮೇಲೆ ಮರಳು ಸರಿದಿರುತ್ತಿತ್ತು, ಆಗ ಬೇರೊಂದು ತೆಂಗು. ನನಗೆ ಭೂಗೋಳ ಅರ್ಥವಾದದ್ದು ಅಲ್ಲಿ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂದು ನನಗೆ ಮೊದಲು ಹೇಳಿದ್ದೂ ಕಾಕನೇ. ಅಲ್ಲಿಂದ ಕೊಬ್ಬರಿ, ಹುರಿಹಗ್ಗ ತರುವ ಓಡಗಳನ್ನು ಅವರು ಹಾಯಿಯ ತೇಪೆ ನೋಡಿಯೇ ಯಾವ ದ್ವೀಪದ್ದೆಂದು ಗುರುತಿಸುತ್ತಿದ್ದರು.

ಹಿಂದೆ ಬರುವಾಗ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಆ ಕಾವಲು ಬುರುಜನ್ನು ನೀರಿನಿಂದ ನೋಡಬೇಕು. ರಸ್ತೆಯಿಂದ ಹೋದರೆ ಮೆಟ್ಟಿಲು ಹತ್ತಿ ಇಳಿಯುವ ಒಂದು ಗುಮ್ಮಟ ಅಷ್ಟೆ. ನದಿಯ ತಿರುವಿನಲ್ಲಿ ಬರುವಾಗ ಅದರ ಕಂಡಿಗಳು ಒಂದೊಂದಾಗಿ ನಮ್ಮ ಕಡೆ ತಿರುಗುತ್ತಿದ್ದವು. ಯಾರನ್ನು ಕಾಯಲಿಕ್ಕೆ ಕಟ್ಟಿದ್ದೆಂದು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಆ ಬದುಕು ಚಂದದ್ದೇನಲ್ಲ. ಜೂನಿನಿಂದ ನೂಲ ಹುಣ್ಣಿಮೆಯಲ್ಲಿ ಮೊಗವೀರರು ತಣ್ಣೀರುಬಾವಿಯಲ್ಲಿ ಕಡಲಿಗೆ ಹಾಲೆರೆದು ಪೂಜೆ ಮಾಡುವ ತನಕ ಕಾಕನಿಗೆ ಕಾಸಿನ ಸಂಪಾದನೆ ಇಲ್ಲ, ಬಂದರಿನ ಜೀನಸಿ ಅಂಗಡಿಯಲ್ಲಿ ಸಾಲ. ದೋಣಿಯಲ್ಲಿ ಈಜುಜಾಕೆಟ್ ಎಂಬುದು ಇರಲಿಲ್ಲ, ನಾವು ಅರ್ಧ ಜನ ಈಜು ಬಾರದವರು. ಅಳಿವೆಯ ತೆರೆ ಎಷ್ಟು ದೋಣಿಗಳನ್ನು ಮಗುಚಿದೆ, ಎಷ್ಟು ಮನೆಗಳ ಗಂಡಸರನ್ನು ಒಯ್ದಿದೆ ಎಂದು ಬೆಂಗ್ರೆಯಲ್ಲಿ ಕೇಳಿದರೆ ಹೇಳುತ್ತಾರೆ. ಇಂದು ಜಾಕೆಟ್ ಇಲ್ಲದೆ ದೋಣಿ ಹತ್ತಿಸಬಾರದೆಂಬ ನಿಯಮ ಇದ್ದರೆ ನಾನು ಅದಕ್ಕೆ ಎರಡೂ ಕೈ ಎತ್ತುತ್ತೇನೆ. ಕಾಕನ ಮಗ ಹಾಯಿ ಹಿಡಿಯಲಿಲ್ಲ, ದುಬೈಗೆ ಹೋದ. ಒಳ್ಳೆಯದೇ ಮಾಡಿದ. ಕಾಕನೇ ಕಳಿಸಿದ್ದು.

ಎಪ್ಪತ್ತರ ದಶಕದ ನಡುವೆ ಪರ್ಸೀನ್ ಬಲೆಯ ಬೋಟುಗಳು ಬಂದವು, ಟ್ರಾಲರುಗಳು ಹೆಚ್ಚಿದವು, ಧಕ್ಕೆಯಲ್ಲಿ ಒಂದರ ಬದಿಗೆ ಒಂದು ತಾಗಿ ನಿಂತು ನದಿಯೇ ಅರ್ಧ ಆಯಿತು. ಹಾಯಿಗೆ ತಿರುಗಲಿಕ್ಕೆ ಜಾಗ ಬೇಕು. ಗಾಳಿಗೆದುರು ನಿಂತ ಹೊತ್ತಿನಲ್ಲಿ ಇಂಜಿನಿನ ಬೋಟು ಬಂದರೆ ಅದು ಕಾಯುವುದಿಲ್ಲ. ಕಾಕನ ದೋಣಿಯ ಮೂತಿ ಒಮ್ಮೆ ಒಡೆಯಿತು, ಒಡೆದವರು ತಿರುಗಿ ನೋಡಲಿಲ್ಲ. ರಿಪೇರಿ ಮಾಡಿಸಿ ಸ್ವಲ್ಪ ಕಾಲ ಓಡಿಸಿದರು. ಕಡೆಗೆ ದೋಣಿಯನ್ನು ಮರಳಿನವರಿಗೆ ಮಾರಿದರು. ಕೊಂಡವರು ಮೊದಲು ಮಾಡಿದ ಕೆಲಸ ಕೂವೆಮರ ತೆಗೆದದ್ದು, ಸಲಿಕೆ ಬೀಸಲಿಕ್ಕೆ ಅಡ್ಡ ಬರುತ್ತದೆಂದು. ಯಾವ ನದಿಯನ್ನು ನಮಗೆ ಆ ದೋಣಿ ತೋರಿಸಿತ್ತೋ ಅದೇ ನದಿಯ ತಳವನ್ನು ಬುಟ್ಟಿ ಬುಟ್ಟಿಯಾಗಿ ಅದರಲ್ಲಿ ತುಂಬಿದರು. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಅನಂತರ ನಡೆದದ್ದು ಕಣ್ಣೆದುರಿಗಿದೆ. ಕಾಂಕ್ರೀಟಿನ ತಾರಸಿ ಬಂದು ಹೆಂಚು ಬೇಡವಾಯಿತು. ಚಿಮಣಿಗಳು ಒಂದೊಂದಾಗಿ ಬಿದ್ದವು. ಆ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟುಗಳ ಹೆಸರಿನಲ್ಲೆಲ್ಲ ನದಿ ಇದೆ, ನದಿಗಿಳಿಯುವ ಮೆಟ್ಟಿಲು ಒಂದರಲ್ಲೂ ಇಲ್ಲ. ಹತ್ತನೇ ಮಾಳಿಗೆಯ ಬಾಲ್ಕನಿಗೆ ಚದರಡಿಗೆ ಇಷ್ಟೆಂದು ಜಾಸ್ತಿ ಕೊಟ್ಟವನಿಗೆ ಮಾತ್ರ ನದಿ. ಕೆಳಗೆ ಊರಿನ ಚರಂಡಿ ನೀರಿಗೆ ಕೂಡುತ್ತದೆ. ಮೇಲಿನಿಂದ ಕಾರ್ಖಾನೆಗಳ ಹೊಲಸು ಬಂದು ಗುರುಪುರ ನದಿಯಲ್ಲಿ ಮೀನು ಸತ್ತು ತೇಲಿದ್ದನ್ನು ನಾನೇ ನೋಡಿದ್ದೇನೆ. ದಡದಲ್ಲಿ ಕಾಂಕ್ರೀಟಿನ ಕಾಲುದಾರಿ ಕಟ್ಟಿ ಅದರ ಮೇಲಿಂದ ನದಿ ನೋಡಿರೆಂದರೆ, ಕಬ್ಬಿಣದ ಬೇಲಿಯ ಈಚೆ ನಿಂತು ನೋಡುವುದಾಗುತ್ತದೆ. ಜೋರು ಹಾಡು ಹಾಕಿಕೊಂಡು ಹೋಗುವ ಸ್ಪೀಡ್ ಬೋಟಿನಲ್ಲಿ ಹದಿನೈದು ನಿಮಿಷ ಸುತ್ತಿ ಬಂದವರಿಗೆ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಕೇಳಿ ನೋಡಿ. ಗೊತ್ತಿರುವುದಿಲ್ಲ. ಗೊತ್ತಾಗಬೇಕಾದ ಅಗತ್ಯವನ್ನು ಇಂಜಿನ್ ಇಲ್ಲವಾಗಿಸಿದೆ. ನನ್ನ ಜಗಳ ಇಂಜಿನಿನೊಡನೆ ಅಲ್ಲ. ಬೆಂಗ್ರೆಯ ಮಕ್ಕಳು ಶಾಲೆಗೆ, ಹೆಂಗಸರು ಮಾರ್ಕೆಟಿಗೆ ಬರುವುದು ಇಂಜಿನಿನ ದೋಣಿಯಲ್ಲೇ. ಅದಿಲ್ಲದಿದ್ದರೆ ಅವರು ಕೂಳೂರು ಸುತ್ತಬೇಕು. ಆದರೆ ನೋಡಲಿಕ್ಕೆಂದೇ ಹೊರಟವನಿಗೆ ಯಾಕೆ ಈ ಅವಸರ?

ಈಗ ವಾಟರ್ ಮೆಟ್ರೋ ಬರುತ್ತದೆಂಬ ಮಾತು ನಡೆದಿದೆ. ಬರಲಿ. ಮೊದಲ ದಿನವೇ ಟಿಕೇಟು ಕೊಂಡು ಕೂರುವವರಲ್ಲಿ ನಾನೂ ಒಬ್ಬ. ಆದರೆ ಕೇಳಬೇಕಾದದ್ದನ್ನು ಈಗಲೇ ಕೇಳುತ್ತೇನೆ. ಹಳೆ ಬಂದರಿನಲ್ಲಿ ಕಟ್ಟುವ ಜೆಟ್ಟಿಯ ಒಂದು ಬದಿಯನ್ನು ಎರಡು ಹಾಯಿದೋಣಿಗಳಿಗೆ ಬಿಡಿ. ಮರದ ದೋಣಿ ಕಟ್ಟುವ ಕೈಗಳು ಬೆಂಗ್ರೆಯಲ್ಲಿ ಇನ್ನೂ ಇವೆ. ಹಾಯಿ ಹೊಲಿಯುವುದನ್ನು ಅವರಿಗೆ ಯಾರೂ ಬೇರೆ ಊರಿನಿಂದ ಬಂದು ಕಲಿಸಬೇಕಾಗಿಲ್ಲ. ಚುಕ್ಕಾಣಿ ಹಿಡಿಯುವ ಕೆಲಸಕ್ಕೆ ಅರ್ಜಿ ಕರೆಯುವಾಗ ಡಿಪ್ಲೊಮಾದ ಜತೆಗೆ ಇನ್ನೊಂದು ಕಾಲಮ್ಮೂ ಇರಲಿ: ಈ ಮಳೆಗಾಲ ಕಳೆದ ಮೇಲೆ ಅಳಿವೆಯ ಮರಳು ಯಾವ ಕಡೆಗೆ ಸರಿದಿದೆ? ಬೆಂಗ್ರೆಯ ಹುಡುಗರು ಅದನ್ನು ತುಂಬುತ್ತಾರೆ. ಕಾಕನ ಮೊಮ್ಮಗ ದುಬೈಗೆ ಹೋಗಿಲ್ಲ. ಕಡವಿನ ದೋಣಿಯಲ್ಲಿ ಟಿಕೇಟು ಹರಿಯುತ್ತಾನೆ, ವರ್ಷಕ್ಕೊಮ್ಮೆ ರಿನ್ಯೂ ಆಗುವ ಗುತ್ತಿಗೆಯ ಮೇಲೆ.