ಎಡಪುಟ ಅಜ್ಜನದು, ಬಲಪುಟ ಮೊಮ್ಮಗಳದು

ಚಂದ್ರಗಿರಿ ಹೊಳೆಯಿಂದ ತಲಪಾಡಿಯವರೆಗಿನ ನಮ್ಮ ನಾಡನ್ನು ನೋಡಬಂದವರು ಸಾಮಾನ್ಯವಾಗಿ ಮಧೂರಿನ ಗಜಪೃಷ್ಠದ ಗುಡಿಯನ್ನೂ, ಅನಂತಪುರದ ಸರೋವರ ಕ್ಷೇತ್ರವನ್ನೂ, ಹೊಳೆಯಾಚೆಯ ಕೋಟೆಯನ್ನೂ ಕಂಡು ಹಿಂದಿರುಗುತ್ತಾರೆ. ಇಲ್ಲಿಯೇ ಹುಟ್ಟಿ ಬೆಳೆದ ನಮಗೆ ಇವು ಪ್ರೇಕ್ಷಣೀಯ ಸ್ಥಳಗಳಲ್ಲ. ಮದುವೆ, ಉಪನಯನ, ಸಂತೆ, ಕಚೇರಿ ಎಂದು ಹೋಗಿಬರುವ ದಾರಿಯ ಊರುಗಳು. ದಿನನಿತ್ಯ ಕಾಣುವುದನ್ನು ಬರೆದಿಡಬೇಕೆಂದು ಯಾರಿಗೂ ತೋರುವುದಿಲ್ಲ. ಕಳೆದ ಎರಡು ವರ್ಷಗಳಿಂದ ನಮ್ಮ ಮನೆಯ ಅಜ್ಜ ಮತ್ತು ಮೊಮ್ಮಗಳು ಕೂಡಿ ಅದನ್ನು ಬರೆದಿಡುತ್ತಿದ್ದಾರೆ. ಅವರೊಡನೆ ನಾವು ಕೈಗೊಂಡ ಕಿರುಪ್ರಯಾಣಗಳ ವೃತ್ತಾಂತವಿದು.

ನಮ್ಮ ಮನೆ ಬದಿಯಡ್ಕದಿಂದ ಒಳಕ್ಕೆ, ಗುಡ್ಡದ ಬುಡದ ಅಡಕೆ ತೋಟದಲ್ಲಿದೆ. 1938ರಲ್ಲಿ ಹುಟ್ಟಿದ ನಮ್ಮ ತಂದೆಯವರಿಗೆ ಪಂಚಾಂಗದ ಅಂಚಿನಲ್ಲಿ ಗುರುತು ಹಾಕುವ ಅಭ್ಯಾಸ: ಮೊದಲ ಮಳೆ ಬಿದ್ದ ದಿನ, ದನ ಕರು ಹಾಕಿದ ದಿನ, ಅಡಕೆಗೆ ಮದ್ದು ಬಿಟ್ಟ ದಿನ. ತಾಯಿಯವರಿಗೆ ಬರೆಯುವ ಅಭ್ಯಾಸವಿರಲಿಲ್ಲ. 2019ರಲ್ಲಿ ಅವರು ತೀರಿಕೊಂಡಾಗ ಅವರ ಕೈಬರಹವೆಂದು ಉಳಿದುದು ಅಂಗಡಿಯಿಂದ ತರಬೇಕಾದ ಸಾಮಾನಿನ ಒಂದು ಚೀಟಿ ಮಾತ್ರ. ಆ ಚೀಟಿ ಬಹುಕಾಲ ಪಂಚಾಂಗದೊಳಗೇ ಇತ್ತು. ಒಂದು ದಿನ ಅದನ್ನು ಕಂಡ ನಮ್ಮ ಮಗಳು ಇನ್ನೂರು ಪುಟಗಳ ನೋಟುಪುಸ್ತಕವೊಂದರ ಮೊದಲ ಹಾಳೆಗೆ ಅಂಟಿಸಿದಳು. “ಇನ್ನು ಅಜ್ಜ ಬರೆಯಲಿ” ಎಂದಳು. ಪುಸ್ತಕ ಹಾಗೆ ತೊಡಗಿತು.

ಅದರ ಕಟ್ಟುಪಾಡು ಸರಳ. ಎಡಪುಟ ಅಜ್ಜನದು, ಬಲಪುಟ ಮೊಮ್ಮಗಳದು. ಒಂದೇ ಸ್ಥಳವನ್ನು ಕುರಿತು ಇಬ್ಬರೂ ಬರೆಯಬೇಕು. ತನ್ನ ಪುಟ ಮುಗಿಯುವ ತನಕ ಇನ್ನೊಬ್ಬರದನ್ನು ಓದಬಾರದು. ಬರೆಯಲು ತೋಚದಿದ್ದರೆ ಚಿತ್ರ ಬಿಡಿಸಬಹುದು. ಬಸ್ಸಿನ ಟಿಕೇಟನ್ನೋ ಒಣಗಿದ ಎಲೆಯನ್ನೋ ಅಂಟಿಸಬಹುದು. ಮಗಳು ಕಲಿಯುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಾಳಾದರೂ ಬರೆಯುವ ರೂಢಿ ತಪ್ಪಿತ್ತು. ಮೊದಲ ಬಲಪುಟಗಳಲ್ಲಿ ಚಿತ್ರವೇ ಹೆಚ್ಚು, ಬರಹ ಎರಡು ಸಾಲು.

ಮೊದಲ ಪ್ರಯಾಣಕ್ಕೆ ಅಂಗಳ ದಾಟಬೇಕಾಗಿರಲಿಲ್ಲ; ಮನೆಯನ್ನೇ ಬರೆಯುವುದೆಂದಾಯಿತು. ಅಜ್ಜ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದಗಳನ್ನು ತೆಗೆದು ವಿಳಾಸಗಳನ್ನು ಒಂದರ ಕೆಳಗೊಂದು ಬರೆದರು. ಅವರು ಹುಟ್ಟಿದಾಗ ಈ ಮನೆ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳದ ಮಲಬಾರು ಜಿಲ್ಲೆಗೆ ಸೇರಿತು. ಎರಡೇ ತಿಂಗಳಲ್ಲಿ, 1957ರ ಜನವರಿ 1ರಂದು, ಕಣ್ಣಾನೂರು ಜಿಲ್ಲೆಯದಾಯಿತು. 1972ರಲ್ಲಿ ವಿಳಾಸದ ಕೊನೆಗೆ ಆರು ಅಂಕಿಗಳ ಪಿನ್ ಸಂಖ್ಯೆ ಬಂತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆ ಹುಟ್ಟಿತು. ಅಜ್ಜ ಅದನ್ನು “ಪತ್ತನಾಜೆಯ ಸುಮಾರಿಗೆ” ಎಂದು ಬರೆದಿದ್ದಾರೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಆ ದಿನ ಅವರ ಪಾಲಿಗೆ ಮೇ ತಿಂಗಳಿಗಿಂತ ಹೆಚ್ಚು ನಂಬಿಕೆಯದು. ಚಂದ್ರಗಿರಿಯ ಉತ್ತರದ ನೆಲ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದ್ದನ್ನೂ ಒಂದು ಸಾಲಿನಲ್ಲಿ ಗುರುತಿಸಿ, ಅದರ ಮುಂದೆ ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದಾರೆ. 1956ರ ಆ ದಿನ ಹದಿನೆಂಟರ ತರುಣರಾಗಿದ್ದ ಅವರು ಏನು ಮಾಡುತ್ತಿದ್ದರು? “ಸುಗ್ಗಿ ಬೆಳೆಗೆ ಗದ್ದೆ ಉಳುತ್ತಿದ್ದೆವು” ಎಂದಷ್ಟೇ ಇದೆ.

ಬಲಪುಟದಲ್ಲಿ ಮಗಳು ಒಂದೇ ಮನೆಯ ಚಿತ್ರವನ್ನು ನಾಲ್ಕು ಸಲ ಬರೆದು, ಪ್ರತಿಯೊಂದಕ್ಕೂ ಬೇರೆ ಬೇರೆ ಜಿಲ್ಲೆಯ ಹೆಸರಿಟ್ಟಿದ್ದಳು. ಕೆಳಗಿನ ಒಕ್ಕಣೆ: “ಅಜ್ಜ ಮನೆ ಬಿಟ್ಟು ಹೋಗದೆ ನಾಲ್ಕು ಜಿಲ್ಲೆ ನೋಡಿದ್ದಾರೆ.” ಗಡಿನಾಡಿನ ಚರಿತ್ರೆಯನ್ನು ಕುರಿತು ನಾವು ಕೇಳಿದ ಭಾಷಣಗಳು ಅನೇಕ. ಇಷ್ಟು ಚಿಕ್ಕ ಮಾತಿನಲ್ಲಿ ಯಾರೂ ಹೇಳಿದ್ದನ್ನು ಕೇಳಿರಲಿಲ್ಲ.

ಮುಂದಿನ ಭಾನುವಾರ ಮನೆಯ ಹಿಂದಿನ ಗುಡ್ಡಕ್ಕೆ ಹೋದೆವು. ಅಲ್ಲಿ ನಮ್ಮ ಕುಡಿಯುವ ನೀರಿನ ಸುರಂಗವಿದೆ. ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು: ಇದು ಆಳಕ್ಕಿಳಿಯುವ ಬಾವಿಯಲ್ಲ, ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಕಿರುದಾರಿ. ಒಬ್ಬನೇ ಬಾಗಿ ಸಾಗುವಷ್ಟು ಅಗಲದಲ್ಲಿ ಮುರಕಲ್ಲನ್ನು ಪಿಕ್ಕಾಸಿನಿಂದ ಕಡಿಯುತ್ತಾ ಒಳಹೋಗುತ್ತಾರೆ; ದೀಪ ಆರತೊಡಗಿದರೆ ಉಸಿರಾಡುವ ಗಾಳಿ ಸಾಲದೆಂದು ಅರ್ಥ. ಒಳಗೆ ಹೋದಂತೆ ನೆಲ ತುಸು ಏರುತ್ತದೆ. ಒಸರಿದ ನೀರು ಪಂಪಿನ ಹಂಗಿಲ್ಲದೆ ತಾನೇ ಹೊರಗೆ ಹರಿದುಬರುತ್ತದೆ. ಅಜ್ಜನ ಎಡಪುಟದಲ್ಲಿ ಉದ್ದ ನಲುವತ್ತು ಕೋಲು; ಒಂದು ಕೋಲೆಂದರೆ ಎರಡೂವರೆ ಅಡಿಗೆ ಸಮೀಪ. ಮಗಳು ಟೇಪಿನ ಒಂದು ತುದಿ ಹಿಡಿದು ಬಾಯಲ್ಲಿ ನಿಂತಳು, ಇನ್ನೊಂದು ತುದಿ ಹಿಡಿದು ನಾವು ಒಳಹೊಕ್ಕೆವು: 30 ಮೀಟರಿಗೆ ಸ್ವಲ್ಪ ಕಡಿಮೆ. ಅಡಕೆ ಮರದ ದಂಬೆಯಲ್ಲಿ ನೀರು ಬರುತ್ತಿತ್ತೆಂದು ಅಜ್ಜ ಬರೆದಿದ್ದರು. ಮಗಳು ಕರಿಯ ಪೈಪಿನ ಚಿತ್ರ ಬರೆದಿದ್ದಳು. ನೀರು ಮಾತ್ರ ಎರಡೂ ಪುಟಗಳಲ್ಲಿ ತಣ್ಣಗಿತ್ತು.

ಮಂಜೇಶ್ವರಕ್ಕೆ ಹೋದುದು ಹೆದ್ದಾರಿಯ ಮೂಲಕ. ಅಜ್ಜನ ಪುಟದಲ್ಲಿ ಅದು 17ನೆಯ ನಂಬರಿನ ರಸ್ತೆ, ಮೊಮ್ಮಗಳ ಪುಟದಲ್ಲಿ 66ನೆಯದು. ಅಜ್ಜ ದಾರಿಬದಿಯಲ್ಲಿದ್ದ ಮರಗಳನ್ನೂ ಚಾದ ಅಂಗಡಿಗಳನ್ನೂ ನೆನೆದು ಬರೆದರೆ, ಮಗಳು ಆರು ಪಥಗಳನ್ನು ಎಣಿಸಿ ಬರೆದಳು. ಹಳೆಯದೇ ಚೆನ್ನಾಗಿತ್ತೆಂದು ಅಜ್ಜ ಬರೆದಿರಬಹುದೆಂದು ನಾವು ಊಹಿಸಿದ್ದೆವು. ಅವರು ಬರೆದುದು ಬೇರೆ: ಹಿಂದೆ ಕಾಯಿಲೆಯವರನ್ನು ಮಂಗಳೂರಿಗೆ ಒಯ್ಯುವಾಗ ಈ ದಾರಿ ಮುಗಿಯುತ್ತಲೇ ಇರಲಿಲ್ಲವೆಂದು.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಇಂದು ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿದೆ. 1963ರಲ್ಲಿ ತೀರಿಕೊಂಡ ಪೈಗಳು ಕವಿಗಳಷ್ಟೇ ಅಲ್ಲ, ಚರಿತ್ರೆಯ ಘಟನೆಗಳ ಕಾಲನಿರ್ಣಯಕ್ಕಾಗಿ ಬಹುವಾಗಿ ಶ್ರಮಿಸಿದ ಸಂಶೋಧಕರು. ಒಂದು ತೇದಿಗಾಗಿ ಅಷ್ಟು ಕಷ್ಟಪಡುವುದೇಕೆಂದು ಮಗಳು ಕೇಳಿದಳು. “ಆ ಕಾಲದವರು ಪಂಚಾಂಗದ ಅಂಚಿನಲ್ಲಿ ಬರೆದಿಡದೆ ಹೋದರಲ್ಲ, ಅದಕ್ಕೆ” ಎಂದು ಅಜ್ಜ ನಕ್ಕರು. ಅಂದಿನಿಂದ ಮಗಳು ತನ್ನ ಪುಟದ ತಲೆಯಲ್ಲಿ ತೇದಿ ಬರೆಯದೆ ಮುಂದುವರಿದುದಿಲ್ಲ.

ಅನಂತಪುರದ ಸರೋವರದಲ್ಲಿ ನೈವೇದ್ಯದ ಅನ್ನ ಉಣ್ಣುತ್ತಿದ್ದ ಮೊಸಳೆ ಬಬಿಯ 2022ರ ಅಕ್ಟೋಬರಿನಲ್ಲಿ ಸತ್ತಿತು. ಮಗಳ ಪುಟದಲ್ಲಿ ಅದರ ಚಿತ್ರ, ತಾನು ಚಿಕ್ಕವಳಿದ್ದಾಗ ಕಂಡ ನೆನಪು. ಅಜ್ಜನ ಪುಟದಲ್ಲಿ ಅವರ ತಾಯಿ ಹೇಳಿದ ಪ್ರತೀತಿ: 1945ರಲ್ಲಿ ಸೈನಿಕನೊಬ್ಬ ಅಲ್ಲಿದ್ದ ಮೊಸಳೆಯನ್ನು ಕೊಂದನೆಂದೂ, ಕೆಲವೇ ದಿನಗಳಲ್ಲಿ ಇನ್ನೊಂದು ತಾನಾಗಿ ಬಂದಿತೆಂದೂ. 2023ರಲ್ಲಿ ಮತ್ತೊಂದು ಮೊಸಳೆ ಅಲ್ಲಿ ಕಾಣಿಸಿಕೊಂಡುದು ಮಗಳಿಗೆ ಆಶ್ಚರ್ಯ; ಅಜ್ಜನಿಗೆ ಆಶ್ಚರ್ಯವೇನಿಲ್ಲ.

ಕೊನೆಯದಾಗಿ ಚಂದ್ರಗಿರಿ. ಕೊಡಗಿನ ಗುಡ್ಡಗಳಲ್ಲಿ ಹುಟ್ಟಿ ಸುಳ್ಯದ ಮೇಲಾಗಿ ಬರುವ ಪಯಸ್ವಿನಿಯೇ ಇಲ್ಲಿ ಚಂದ್ರಗಿರಿ ಎನಿಸುತ್ತದೆ. ತೆಂಕಣ ದಂಡೆಯ ಮೇಲಿನ ಕೋಟೆ ಕೆಳದಿಯ ಅರಸರದು. ಮಗಳು ಮೆಟ್ಟಲೇರಿ ಹೋದಳು. ಅಜ್ಜ ಕೆಳಗೇ ಕುಳಿತರು. ಇಳಿದುಬಂದು ನೋಡಿದರೆ ಎಡಪುಟ ಖಾಲಿ ಇತ್ತು. “ಎನಗೆ ಅಕ್ಷರ ಕಾಣ್ತಿಲ್ಲೆ, ಪುಳ್ಳಿ. ಆನು ಹೇಳ್ತೆ, ನೀನು ಬರೆ” ಎಂದರು. ಪುಳ್ಳಿ ಎಂದರೆ ನಮ್ಮ ಮನೆಮಾತಿನಲ್ಲಿ ಮೊಮ್ಮಗು. ಅವರ ಕಣ್ಣು ಕೆಲವು ತಿಂಗಳಿಂದ ಮಂಜಾಗುತ್ತಿದ್ದುದು ನಮಗೆ ತಿಳಿದಿತ್ತು. ಹಿಂದಿನ ಪುಟಗಳನ್ನು ತಿರುವಿದರೆ ಅಕ್ಷರಗಳು ದೊಡ್ಡದಾಗುತ್ತಾ, ಸಾಲುಗಳು ಕೆಳಕ್ಕೆ ಬಾಗುತ್ತಾ ಬಂದುದು ಕಾಣುತ್ತದೆ. ಅಂದು ಹೊಳೆಯ ಕಡವನ್ನೂ, ದೋಣಿಗಾಗಿ ಕಾದ ಸಂಜೆಗಳನ್ನೂ ಅವರು ಹೇಳಿದರು. ಮಗಳು ಎಡಪುಟದಲ್ಲಿ ಬರೆದಳು. ಎರಡು ಒತ್ತಕ್ಷರ ತಪ್ಪಿದವು. ಅಜ್ಜ ಓದಿಸಿ ಕೇಳಿ, “ಇರಲಿ, ಮುಂದಕ್ಕೆ ಬರೆ” ಎಂದರು.

ಇಂಥ ಪುಸ್ತಕಕ್ಕೆ ಸಾಹಿತಿಗಳಾಗಿರಬೇಕಿಲ್ಲ. ಸಾಮಾನ್ಯರ ಬದುಕಿನಲ್ಲಿ ಬರೆಯುವಂಥದೇನಿದೆ ಎನ್ನುವವರು, ನಮ್ಮ ನೆರೆಯ ಪೆರಡಾಲದಲ್ಲಿದ್ದು ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟುದನ್ನು ನೆನೆಯಬಹುದು. ಸೊಲ್ಲಾಪುರದ ಮಗ್ಗದ ಮನೆಯಲ್ಲಿ, ತಾಳವಾಡಿಯ ಹೊಲದಂಚಿನಲ್ಲಿ, ಆದವಾನಿಯ ಹತ್ತಿಯ ಪೇಟೆಯಲ್ಲಿ ಎಡಪುಟ ತುಂಬಬಲ್ಲ ಹಿರಿಯರು ಇದ್ದಾರೆ. ಊರು ಯಾವ ರಾಜ್ಯದಲ್ಲಿದೆಯೆಂಬುದನ್ನು ಸರಕಾರಗಳು ಬರೆದಿಡುತ್ತವೆ. ಊರು ಹೇಗಿತ್ತೆಂಬುದನ್ನು ಮನೆಯವರೇ ಬರೆಯಬೇಕು. ಎರಡು ಲೇಖನಿ, ಒಂದು ಪುಸ್ತಕ, ವಾರಕ್ಕೆ ಒಂದು ಗಂಟೆ ಸಾಕು. ಕಾಯಲಾಗದ್ದು ಹಿರಿಯರ ಕಣ್ಣು ಮಾತ್ರ.

ನಮ್ಮ ಪುಸ್ತಕದಲ್ಲಿ ಇನ್ನೂ ನಲುವತ್ತಾರು ಪುಟಗಳು ಉಳಿದಿವೆ. ಮಳೆ ಬಿಟ್ಟ ಮೇಲೆ ಕುಂಬಳೆಗೆ ಹೋಗುವುದೆಂದು ನಿಶ್ಚಯವಾಗಿದೆ. ಈಗ ಎರಡೂ ಪುಟಗಳನ್ನು ಬರೆಯುವವಳು ಮಗಳೇ; ಎಡಪುಟಕ್ಕೆ ನೀಲಿ ಶಾಯಿ, ತನ್ನದಕ್ಕೆ ಕಪ್ಪು.